ಯಮುನತ್ತೆ ನಡೆಯುತ್ತಿದ್ದ ಮನೆ

ನಮ್ಮ ಮನೆಯಲ್ಲಿ ಯಾವಾಗಲೂ ಒಬ್ಬರು ನಡೆಯುತ್ತಿದ್ದರು. ಅದು ಎಲ್ಲರ ಮನೆಯಲ್ಲೂ ಇರುವ ಸಂಗತಿ ಎಂದೇ ನಾನು ತಿಳಿದಿದ್ದೆ. ಶಾಲೆಗೆ ಸೇರಿದ ಮೇಲೆ ಒಮ್ಮೆ ಗೆಳತಿಯ ಮನೆಗೆ ಹೋಗಿ, ಚಾಪೆಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಾಗ ಏನೋ ಕಡಿಮೆಯಾದಂತೆ ಅನ್ನಿಸಿತು. ಆ ಮನೆ ಉಸಿರು ನಿಂತ ಹಾಗೆ ಸುಮ್ಮನಿತ್ತು. ನಾನು ಅವಳ ತಾಯಿಯನ್ನು ಕೇಳಿದೆ:

"ನಿಮ್ಮಲ್ಲಿ ನಡಿಯುದು ಯಾರು?"

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿ ಒಳಗೆ ಹೋದರು. ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿತ್ತು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಏರಿನಲ್ಲಿದ್ದ ನಮ್ಮ ಓಣಿಯ ಆಚೀಚೆಯವರಿಗೆಲ್ಲ ಗೊತ್ತಿತ್ತು.

ನಮ್ಮದು ಉದ್ದನೆಯ, ಅಗಲವಿಲ್ಲದ ಮನೆ. ಓಣಿಗೆ ಮುಖ ಮಾಡಿದ ಮೊದಲ ಕೋಣೆಯಲ್ಲಿ ಅಪ್ಪನ ಗೋಲಿ ಸೋಡಾದ ಕೆಲಸ. ಗ್ಯಾಸಿನ ಸಿಲಿಂಡರು, ತಿರುಗಿಸುವ ಚಕ್ರದ ಮಿಷನು, ಮರದ ಪೆಟ್ಟಿಗೆಗಳಲ್ಲಿ ಹಸಿರು ಬಾಟಲಿಗಳು. ಅದರ ಹಿಂದೆ ನಡುಕೋಣೆ, ಅಲ್ಲೇ ಅಜ್ಜಿಯ ಮಂಚ. ಆಮೇಲೆ ಅಡಿಗೆಮನೆ, ಕೊನೆಗೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕೋಣೆ. ಎಲ್ಲ ಬಾಗಿಲುಗಳೂ ಒಂದರ ನೇರಕ್ಕೆ ಒಂದು ಇದ್ದವು. ಆ ನೇರದಲ್ಲಿ ಬಚ್ಚಲಿನಿಂದ ಸೋಡಾ ಕೋಣೆಯವರೆಗೆ, ಅಲ್ಲಿಂದ ಮತ್ತೆ ಬಚ್ಚಲಿನವರೆಗೆ ಯಮುನತ್ತೆ ನಡೆಯುತ್ತಿದ್ದಳು. ಅವಳು ಅಪ್ಪನ ತಂಗಿ. ಕಡಬದ ಕಡೆ ಒಂದು ಶಾಲೆಯಲ್ಲಿ ಟೀಚರಾಗಿದ್ದವಳು. ಒಂದು ಬೆಳಿಗ್ಗೆ ನೀರಿನ ಕೊಡ ಎತ್ತಲು ಬಗ್ಗಿದಾಗ ಸೊಂಟದಲ್ಲಿ ಏನೋ ಜಾರಿತಂತೆ. ಹಾಗೆ ಜಾರಿದ್ದು ಮತ್ತೆ ತನ್ನ ಜಾಗಕ್ಕೆ ಬರಲೇ ಇಲ್ಲ. ಊರಿನ ಡಾಕ್ಟರು, ಮಂಗಳೂರಿನ ಡಾಕ್ಟರು, ಕೇರಳದ ಎಣ್ಣೆ, ಎಲ್ಲ ಆಯಿತು. ಕೂತರೆ ನೋವು, ಮಲಗಿದರೆ ಸ್ವಲ್ಪ ಹೊತ್ತಿನಲ್ಲೇ ನೋವು. ನಡೆಯುತ್ತಿದ್ದರೆ ಮಾತ್ರ ಅದು ಸಹಿಸುವಷ್ಟಕ್ಕೆ ಇಳಿಯುತ್ತಿತ್ತು. ಕೆಲಸ ಬಿಟ್ಟು ಅಣ್ಣನ ಮನೆಗೆ ಬಂದಳು. ನನಗೆ ನೆನಪಿರುವ ಮಟ್ಟಿಗೆ ಅವಳು ನೆಲದಲ್ಲಿ ಕೂತು ಉಂಡದ್ದಿಲ್ಲ. ಅಡಿಗೆಮನೆಯ ಕಿಟಕಿಯ ದಂಡೆಯ ಮೇಲೆ ಅಮ್ಮ ಅವಳ ತಟ್ಟೆ ಇಡುತ್ತಿದ್ದಳು. ಗಂಜಿಯೋ ಸಾರನ್ನವೋ, ಅತ್ತೆ ನಿಂತೇ ಉಣ್ಣುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಕಿಟಕಿಯಲ್ಲಿ ಒಂದು ಮುಖ ಮಾತ್ರ, ಮೆಲ್ಲುತ್ತಾ, ಯಾರನ್ನೂ ನೋಡದೆ.

ನೋವು ಬರುವ ಮೊದಲು ಅತ್ತೆ ವಾರಪತ್ರಿಕೆಗಳಿಗೆ ಕವಿತೆ ಕಳಿಸುತ್ತಿದ್ದಳಂತೆ. ಪ್ರಾಸವಿದ್ದ, ಹೂವು ಚಂದ್ರ ಎಲ್ಲ ಇದ್ದ ಕವಿತೆಗಳು. ಬಗ್ಗಿ ಬರೆಯಲು ಆಗದೆ ಹೋದ ಮೇಲೆ ಅವಳು ಬಚ್ಚಲೊಲೆಯಿಂದ ಇದ್ದಿಲಿನ ಚೂರು ತಂದು ನಿಂತೇ ಗೋಡೆಯ ಮೇಲೆ ಬರೆಯತೊಡಗಿದಳು. ಒಂದು ಸಲ ಒಂದು ಕೋಣೆಗೆ ಒಂದೇ ಶಬ್ದ. ಅವಳಿಗೆ ಅಷ್ಟೇ ಹೊತ್ತು ಕೈಯೆತ್ತಿ ನಿಲ್ಲಲು ಆಗುತ್ತಿದ್ದದ್ದು. ಹೀಗಾಗಿ ಕವಿತೆ ಓದಬೇಕಾದರೆ ಮನೆಯೊಳಗೆ ನಡೆಯಬೇಕಾಗುತ್ತಿತ್ತು. ಒಮ್ಮೆ ನಡುಕೋಣೆಯಲ್ಲಿ 'ಮನೆ' ಎಂದು ಬರೆದಳು, ಅಡಿಗೆಮನೆಯಲ್ಲಿ 'ಮೊನೆ', ಬಚ್ಚಲಿನ ದಾರಿಯಲ್ಲಿ 'ಮೊನ್ನೆ'. ಓಣಿಯಿಂದ ಒಳಗೆ ಬಂದವರಿಗೆ ಮನೆ ಮೊನೆಯಾಗಿ ಮೊನ್ನೆಯಾಗುತ್ತಿತ್ತು. ಹಿಂದಿನಿಂದ ಬಂದವರಿಗೆ ಮೊನ್ನೆಯ ಮೊನೆ ಮನೆಯವರೆಗೂ ಬರುತ್ತಿತ್ತು. ನಾನು ಅಕ್ಷರ ಕಲಿತದ್ದು ಹೀಗೆ, ಓಡಾಡುತ್ತಾ. ಸೋಡಾ ಕೋಣೆಯ ಗೋಡೆಯ ಮೇಲೆ ಮೂರು ಸುತ್ತಿನಲ್ಲಿ ಒಂದೊಂದಾಗಿ 'ನೀವು ನಾವು ನೋವು' ಎಂದು ಬರೆದದ್ದನ್ನು ನೋಡಿ ಗಿರಾಕಿಯೊಬ್ಬರು ಬಾಟಲಿ ಕೈಯಲ್ಲಿ ಹಿಡಿದು ನಿಂತುಬಿಟ್ಟರು.

"ವಾಸಣ್ಣ, ಇದೆಂತ ಬರ್ದದ್ದು? ನಮ್ಮ ಹತ್ರ ಎಂತಾದ್ರೂ ಹೇಳ್ಲಿಕ್ಕುಂಟಾ?"

"ತಂಗಿ ಬರ್ದದ್ದು. ಕವಿತೆ ಅಂತೆ," ಎಂದರು ಅಪ್ಪ, ಚಕ್ರ ತಿರುಗಿಸುವುದನ್ನು ನಿಲ್ಲಿಸದೆ.

"ಹಾಡ್ಲಿಕ್ಕೆ ಬರ್ತದಾ?"

"ಹಾಡ್ಲಿಕ್ಕೆ ಅಲ್ಲ. ನಡಿಲಿಕ್ಕೆ ಅಂತೆ."

ಗಿರಾಕಿ ನಗಲಿಲ್ಲ. ಒಳಗಿನಿಂದ ಹೆಜ್ಜೆಯ ಸದ್ದು ಹತ್ತಿರ ಬಂದದ್ದು ಕೇಳಿ, ಸೋಡಾವನ್ನು ಪೂರ್ತಿ ಕುಡಿಯದೆ ಇಳಿದು ಹೋದರು.

ಹೆಜ್ಜೆಯ ಸದ್ದಿಗೆ ನಾವು ಹೆದರುತ್ತಿರಲಿಲ್ಲ. ಅದು ನಿಂತರೆ ಹೆದರುತ್ತಿದ್ದೆವು. ನಡೆದರೂ ನೋವು ಇಳಿಯದ ಹೊತ್ತುಗಳಲ್ಲಿ ಅತ್ತೆ ಎಲ್ಲಿದ್ದಾಳೋ ಅಲ್ಲೇ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು. ನಡುಹಗಲು, ಹೊರಗೆ ಕಂಡಕ್ಟರುಗಳು ಸುಳ್ಯ, ಜಾಲ್ಸೂರು ಎಂದು ಕೂಗುತ್ತಿರುತ್ತಿದ್ದರು. ಒಳಗೆ ಒಬ್ಬ ಹೆಂಗಸು ಗೋಡೆಗೆ ಮುಖ ಕೊಟ್ಟು, ಗೋಡೆಯೊಳಗಿನ ಯಾರೋ ಹೇಳುವುದನ್ನು ಕೇಳಿಸಿಕೊಳ್ಳುವ ಹಾಗೆ ನಿಂತಿರುತ್ತಿದ್ದಳು. ಆಗ ಅಪ್ಪ ಮಿಷನು ನಿಲ್ಲಿಸುತ್ತಿದ್ದರು, ಅಮ್ಮ ಒಗ್ಗರಣೆಯ ಸೌಟನ್ನು ಹಿಡಿದಲ್ಲೇ ಹಿಡಿದಿರುತ್ತಿದ್ದಳು. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದುದರಿಂದ ಅತ್ತೆ ನಿಂತಲ್ಲೆಲ್ಲ ಗೋಡೆಯಲ್ಲಿ ಒಂದು ಕಪ್ಪು ದುಂಡನೆಯ ಕಲೆ ಉಳಿಯುತ್ತಿತ್ತು. ಮನೆಯ ತುಂಬ, ಒಂದೇ ಎತ್ತರದಲ್ಲಿ, ಹಣೆಯ ಗುರುತುಗಳು. ಯಾರೋ ಒಂದಷ್ಟು ಜನ ಆಚೆಯಿಂದ ಗೋಡೆಗೆ ಹಣೆ ಹಚ್ಚಿ ನಿಂತಿದ್ದಾರೆ, ಆ ಕಲೆಗಳು ಅವರವು ಎಂದು ನಾನು ನಂಬಿದ್ದೆ. ಒಬ್ಬಳೇ ಬಚ್ಚಲಿಗೆ ಹೋಗಬೇಕಾದಾಗ ಗೋಡೆಯಿಂದ ದೂರ ಸರಿದು, ಅಂಗೈಗಳನ್ನು ಕಂಕುಳಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದೆ.

ಅಜ್ಜಿಗೆ ಈ ಬರವಣಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅಜ್ಜಿ ಅಕ್ಷರ ಬಲ್ಲವಳೇ, ಆದರೆ ಒಂದೊಂದನ್ನೇ ಬಾಯಿ ಬಿಟ್ಟು ಹೇಳಿ ಕೂಡಿಸಿ ಓದಬೇಕಿತ್ತು. ಹಾಗೆ ಓದಿದ ಶಬ್ದ ಅವಳಿಗೆ ಸುಮ್ಮನೆ ಶಬ್ದವಾಗಿ ಉಳಿಯುತ್ತಿರಲಿಲ್ಲ, ಯಾರೋ ಬಂದು ಹೇಳಿದ ಹಾಗೆ ಆಗುತ್ತಿತ್ತು. ಮಗಳ ಮೈಯಲ್ಲಿ ಏನೋ ಸೇರಿಕೊಂಡಿದೆ, ಬರೆಯುವುದು ಅದೇ ಎಂದು ಅವಳ ಗುಮಾನಿ. ಒಂದು ಆಟಿ ತಿಂಗಳಲ್ಲಿ, ಮಳೆ ಬಿಡದೆ ಗೋಡೆಗಳೆಲ್ಲ ಬೆವರುವ ಕಾಲದಲ್ಲಿ, ಅತ್ತೆ ಅಜ್ಜಿಯ ಮಂಚದ ಮೇಲಿನ ಗೋಡೆಗೆ 'ಇಲ್ಲಿ' ಎಂದು ಬರೆದಳು. ಅಜ್ಜಿ ಆ ದಿನ ಅದನ್ನು ಓದಿ, ಪರವಾಗಿಲ್ಲ ಎಂಬಂತೆ ಮಲಗಿದಳು. ಮರುದಿನ ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ತೆಗೆದು ಎದ್ದವಳು ಮೇಲೆ ನೋಡಿದಾಗ ಪಸೆ ಇಳಿದು, ಲಕಾರದ ಮೇಲಿನ ಗುಡಿಸು ಕರಗಿಹೋಗಿತ್ತು. ಅಜ್ಜಿ ಗಟ್ಟಿಯಾಗಿ ಕೂಡಿಸಿ ಓದಿದ್ದು ನನಗೆ ಅಡಿಗೆಮನೆಗೆ ಕೇಳಿತು.

"ಇ... ಲ್ಲ. ಇಲ್ಲ."

ನಾನು ಬಂದು ನೋಡಿದರೆ ಅವಳು, ತಾನು ಇದ್ದೇನೋ ಇಲ್ಲವೋ ಎಂಬಂತೆ, ತನ್ನ ಎರಡೂ ಕೈಗಳನ್ನು ಮುಖದ ಹತ್ತಿರ ತಂದು, ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಅಂದು ಸಂಜೆಯೇ ಅವಳಿಗೆ ಜ್ವರ ಏರಿತು. ಅತ್ತೆ ಬಂದು ಮಂಚದ ಪಕ್ಕ ನಿಂತು, "ನೀರು ಇಳಿದು ಅಳಿಸಿದ್ದು ಅಮ್ಮ, ನಾನು ಬರ್ದದ್ದು ಹಾಗಲ್ಲ," ಎಂದರೆ ಅಜ್ಜಿ ಗೋಡೆಯ ಕಡೆಗೆ ಹೊರಳಿಕೊಂಡಳು.

"ನೀನು ಬರಿಲಿಲ್ಲ ಅಂತ ನನಗೂ ಗೊತ್ತುಂಟು. ಬರ್ದದ್ದು ಯಾರು ಅಂತ ಕೇಳ್ಬೇಕು."

ಗಡಿಯಾಚೆಯ ಕೇರಳದಿಂದ ಮಂತ್ರವಾದಿಯನ್ನು ಕರೆಸಿದ್ದು ಹೀಗೆ. ಅವರು ಜಾಲ್ಸೂರಿನ ಮಾರ್ಗವಾಗಿ ಬೆಳಗಿನ ಬಸ್ಸಿನಲ್ಲಿ ಬಂದರು. ಬಿಳಿ ಪಂಚೆ ಉಟ್ಟ, ಮೆತ್ತಗೆ ಮಾತಾಡುವ ಮನುಷ್ಯ. ನನ್ನ ತಲೆ ಸವರಿ ಯಾವ ಕ್ಲಾಸು ಎಂದು ಕೇಳಿದರು. ನಡುಕೋಣೆಯಲ್ಲಿ ಅರಸಿನ, ಸುಣ್ಣ, ಮಸಿಯಿಂದ ಮಂಡಲ ಬರೆದು, ಅದರ ಮುಂದೆ ಮಣೆ ಇಟ್ಟು, ಅತ್ತೆಯನ್ನು ಕೂರಲು ಹೇಳಿದರು.

"ನನಗೆ ಕೂರ್ಲಿಕ್ಕೆ ಆಗುದಿಲ್ಲ. ನಿಲ್ತೇನೆ," ಎಂದಳು ಅತ್ತೆ.

"ಕೂರಬೇಕು ಮೋಳೆ, ಮಗಳೇ. ಕೂರದಿದ್ದರೆ ಕೆಲಸ ಆಗುವುದಿಲ್ಲ. ಕೂರಲು ಬಿಡದೆ ಇರುವುದೂ ಅದೇ ಅಲ್ಲವಾ?"

ಅತ್ತೆ ಅಪ್ಪನನ್ನು ನೋಡಿದಳು. ಅಪ್ಪ ಅಜ್ಜಿಯನ್ನು ನೋಡಿದರು. ಮಂಚದ ಮೇಲೆ ಕಂಬಳಿ ಹೊದ್ದ ಅಜ್ಜಿಯ ಕಣ್ಣುಗಳು ಜ್ವರದಲ್ಲಿ ಹೊಳೆಯುತ್ತಿದ್ದವು. ಅಪ್ಪ ಹೋಗಿ ತಂಗಿಯ ಭುಜಗಳ ಮೇಲೆ ಕೈಯಿಟ್ಟರು. ಎಷ್ಟು ಮೆಲ್ಲನೆ ಇಟ್ಟರೆಂದರೆ ಅವಳನ್ನು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡೆ. ಹಾಗೆಯೇ ಮೆಲ್ಲನೆ ಅವಳನ್ನು ಒತ್ತಿ ಕೂರಿಸಿದರು. ಅತ್ತೆ ಎದುರಾಡಲಿಲ್ಲ. ಸೊಂಟ ಮಣೆಗೆ ತಾಗಿದಾಗ ಅವಳ ಬಾಯಿ ತೆರೆಯಿತು, ಆದರೆ ಅದರೊಳಗಿನಿಂದ ಏನೂ ಬರಲಿಲ್ಲ. ಮಂತ್ರ ಶುರುವಾಯಿತು, ಧೂಪದ ಹೊಗೆ ತುಂಬಿತು, ಮುಗಿಯುವಾಗ ಬಿಸಿಲು ಬಾಗಿಲಿನಿಂದ ಹಿಂದೆ ಸರಿದಿತ್ತು. ಅಷ್ಟು ಹೊತ್ತೂ ಅವಳು ತೆರೆದ ಬಾಯಿ ಮುಚ್ಚದೆ, ಸದ್ದಿಲ್ಲದೆ ಕೂತಿದ್ದಳು. ಕೋಲದಲ್ಲಿ ನಾನು ಕಂಡ ಯಾವ ಭೂತದ ಮುಖವೂ ಆ ಮುಖದಷ್ಟು ನನ್ನನ್ನು ಹೆದರಿಸಿದ್ದಿಲ್ಲ. ಮಂತ್ರವಾದಿ ಗೋಡೆಯ ಬರಹವನ್ನೆಲ್ಲ ಸುಣ್ಣ ಹೊಡೆದು ಮುಚ್ಚಬೇಕೆಂದು ಹೇಳಿ ಸಂಜೆಯ ಬಸ್ಸಿಗೆ ಹೊರಟರು. ಅತ್ತೆಗೆ ಮಣೆಯಿಂದ ಏಳಲು ಆಗಲಿಲ್ಲ. ಅಪ್ಪ ಮತ್ತು ಅಮ್ಮ ಸೇರಿ ಅವಳನ್ನು ಎತ್ತಿ ಹಿಂದಿನ ಸಣ್ಣ ಕೋಣೆಯಲ್ಲಿ ಮಲಗಿಸಿದರು.

ಅಮ್ಮ ಜಗಳ ಮಾಡುವವಳಲ್ಲ. ಆ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಅಪ್ಪನಿಗೂ ಅಜ್ಜಿಗೂ ಕೇಳುವ ಹಾಗೆ, ದನಿ ಏರಿಸದೆ ಹೇಳಿದಳು:

"ಇಷ್ಟು ವರ್ಷದಿಂದ ನಾನು ಅವಳ ತಟ್ಟೆಯನ್ನು ಕಿಟಕಿಯಲ್ಲಿ ಇಡುದು ಯಾಕೆ ಅಂತ ಮಾಡಿದ್ದೀರಿ ನೀವು? ಕೂರ್ಲಿಕ್ಕೆ ಆಗುದಿಲ್ಲ ಅಂತ ಅವಳು ಹೇಳಿದ್ದು ಈ ಮನೆಯಲ್ಲಿ ನನಗೊಬ್ಬಳಿಗೇ ಕೇಳಿದ್ದಾ?"

ಮರುದಿನ ಅಪ್ಪ ತಾವೇ ಸುಣ್ಣ ಕಲಸಿ ಗೋಡೆಗಳಿಗೆ ಹೊಡೆದರು. ಅಜ್ಜಿಯ ಜ್ವರ ಇಳಿಯಿತು. ಆದರೆ ಮನೆಯಲ್ಲಿ ಈಗ ಯಾರೂ ನಡೆಯುತ್ತಿರಲಿಲ್ಲ. ಬಾಟಲಿಯೊಂದು ಸಿಡಿದರೆ ಆ ಸದ್ದು ಮನೆಯ ಕೊನೆಯವರೆಗೆ ಹೋಗಿ ಖಾಲಿಯಾಗಿ ಹಿಂದೆ ಬರುತ್ತಿತ್ತು. ಇದ್ದಿಲಿನ ಅಕ್ಷರಗಳೆಲ್ಲ ಮುಚ್ಚಿಹೋದವು. ಹಣೆಯ ಗುರುತುಗಳು ಮಾತ್ರ ಮುಚ್ಚಲಿಲ್ಲ. ಸುಣ್ಣ ಒಣಗಿದ ಹಾಗೆ ಎಣ್ಣೆ ಒಳಗಿನಿಂದ ಮೇಲೆ ಬಂತು, ಮೊದಲು ಹಳದಿಯಾಗಿ, ಆಮೇಲೆ ಕಪ್ಪಾಗಿ. ಅಪ್ಪ ಇನ್ನೊಂದು ಕೈ ಹೊಡೆದರು. ಮತ್ತೆ ಬಂತು. ಬರಹವಿಲ್ಲದ ಬಿಳಿ ಗೋಡೆಯಲ್ಲಿ ಅವು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದವು. ಅಜ್ಜಿ ಒಂದು ಮಧ್ಯಾಹ್ನ ಮಂಚದಿಂದ ಇಳಿದು, ಹತ್ತಿರದ ಗುರುತಿನ ಮುಂದೆ ನಿಂತು, ಬಹಳ ಹೊತ್ತು ನೋಡಿ, ತನ್ನ ಅಂಗೈಯನ್ನು ಅದರ ಮೇಲೆ ಇಟ್ಟಳು. ಮಕ್ಕಳ ಜ್ವರ ನೋಡುವಾಗ ಇಡುವ ಹಾಗೆ. ಅಂದಿನಿಂದ ಅತ್ತೆಗೆ ಗಂಜಿ ಕುಡಿಸುವ ಕೆಲಸವನ್ನು ಅಮ್ಮನ ಕೈಯಿಂದ ತಾನು ತೆಗೆದುಕೊಂಡಳು.

ಸಣ್ಣ ಕೋಣೆಯಿಂದ ಮಾತು ಕೇಳತೊಡಗಿದ್ದು ಕೆಲವು ವಾರಗಳ ನಂತರ. ಬಾಗಿಲಿನ ಹೊರಗೆ ನಿಂತು ಆಲಿಸಿದರೆ ಅತ್ತೆ ಒಂದು ಸಾಲು ಹೇಳಿ, ನಿಲ್ಲಿಸಿ, ಇನ್ನೊಂದು ಹೇಳುತ್ತಿದ್ದಳು. ನಡುವಿನಲ್ಲಿ ಎದುರಿನವರ ಉತ್ತರಕ್ಕೆ ಕಾದ ಹಾಗೆ. ಒಳಗೆ ಬೇರೆ ಯಾರೂ ಇರುತ್ತಿರಲಿಲ್ಲ. ಒಂದು ದಿನ ಅವಳು ನನ್ನನ್ನು ಕರೆದಳು.

"ಸುಮಾ, ನನಗೆ ಈಗ ನಡಿಲಿಕ್ಕೂ ಆಗುದಿಲ್ಲ, ಬರಿಲಿಕ್ಕೂ ಆಗುದಿಲ್ಲ. ನಿನಗೆ ಒಂದು ಶಬ್ದ ಕೊಡ್ತೇನೆ, ಇಟ್ಕೊಳ್ತೀಯಾ?"

"ಎಲ್ಲಿ ಇಡುದು?"

"ಬಾಯಲ್ಲಿ. ದೀಪ ಹಚ್ಚುವ ಹೊತ್ತಿಗೆ ನಾನು ಇಲ್ಲಿಂದ ಸಾಲು ಹೇಳ್ತೇನೆ. ನಿನ್ನ ಸರದಿ ಬಂದಾಗ ನೀನು ಎಲ್ಲಿದ್ದೀಯೋ ಅಲ್ಲಿಂದಲೇ ಹೇಳು."

ನನಗೆ ಅವಳು ಕೊಟ್ಟ ಶಬ್ದ 'ಇನ್ನೂ'. ಅಮ್ಮನಿಗೆ 'ಉಪ್ಪು'. ಅಪ್ಪನಿಗೆ 'ಬಾಗಿಲು'. ಅಪ್ಪ ಮಣೆಯ ದಿನದಿಂದ ತಂಗಿಯ ಕೋಣೆಗೆ ಕಾಲಿಟ್ಟಿರಲಿಲ್ಲ. ಹೊಸಿಲಿನ ಹೊರಗೆ ನಿಂತೇ ಆ ಶಬ್ದ ತೆಗೆದುಕೊಂಡರು. ಸಂಜೆ ನಡುಕೋಣೆಯಲ್ಲಿ ದೀಪ ಹಚ್ಚಿದ ಕೂಡಲೇ ಹಿಂದಿನ ಕೋಣೆಯಿಂದ ಅತ್ತೆಯ ದನಿ ಬರುತ್ತಿತ್ತು. "ಹಗಲು ಹೋಗಿ ನಿಂತದ್ದು," ಎಂದರೆ ಸೋಡಾ ಕೋಣೆಯಿಂದ ಅಪ್ಪ "ಬಾಗಿಲು" ಎನ್ನುತ್ತಿದ್ದರು. "ನಾಲಗೆ ಮರೆತ ಕಡಲು," ಎಂದರೆ ಅಡಿಗೆಮನೆಯಿಂದ "ಉಪ್ಪು". "ಎಲುಬಿನೊಳಗೆ ಯಾರೋ ಎದ್ದಿದ್ದಾರೆ," ಎಂದರೆ ದೀಪದ ಹತ್ತಿರದಿಂದ ನಾನು "ಇನ್ನೂ" ಎನ್ನುತ್ತಿದ್ದೆ. ನಮ್ಮ ಶಬ್ದಗಳು ದಿನವೂ ಅವೇ. ಅವಳ ಸಾಲುಗಳು ದಿನವೂ ಬೇರೆ. ಹಾಗಾಗಿ ನಾವು ಹೇಳುವ ಅದೇ ಶಬ್ದ ಒಂದು ದಿನ ಸಮಾಧಾನವಾಗಿ, ಇನ್ನೊಂದು ದಿನ ಬೆದರಿಕೆಯಾಗಿ ಕೇಳುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣದೆ, ಕತ್ತಲಾಗುತ್ತಿರುವ ಕೋಣೆಗಳಿಂದ ದನಿಗಳು ಬಂದು ಹೋಗುವಾಗ ಓಣಿಯಲ್ಲಿ ದಾಟುವವರು ಹೆಜ್ಜೆ ಬೇಗ ಹಾಕುತ್ತಿದ್ದರು. ನನಗೂ ಮೈ ಜುಮ್ಮೆನ್ನುತ್ತಿತ್ತು. ಆದರೂ ಮಧ್ಯಾಹ್ನದಿಂದಲೇ ಆ ಹೊತ್ತಿಗಾಗಿ ಕಾಯುತ್ತಿದ್ದೆ.

ಅಜ್ಜಿ ಮೊದಮೊದಲು ಕಿವಿಗೆ ಸೆರಗು ಹೊದ್ದು ಕೂರುತ್ತಿದ್ದಳು. ಆಮೇಲೆ ಸೆರಗು ಜಾರಿತು. ಒಂದು ದಿನ ಗಂಜಿ ಕುಡಿಸಿ ಮುಗಿಸಿ, ಮಗಳ ಬಾಯಿ ಒರೆಸುತ್ತಾ ಕೇಳಿದಳು.

"ಎಲ್ಲರಿಗೂ ಒಂದೊಂದು ಕೊಟ್ಟಿದ್ದಿ. ನನಗೆಂತ ಇಲ್ವಾ?"

"ನೀನೇ ಹೇಳಮ್ಮ, ಯಾವುದು ಬೇಕು?"

"ನನಗೆ ಶಬ್ದದ ಸಹವಾಸ ಬೇಡ ಮಾರಾಯ್ತಿ," ಎಂದಳು ಅಜ್ಜಿ. ಬಟ್ಟಲನ್ನು ಕೆಳಗಿಟ್ಟು, "ನಾನು ಹ್ಞೂಂ ಅಂತೇನೆ. ಸಣ್ಣದಿರುವಾಗ ನೀನು ಕತೆ ಕೇಳ್ತಾ ಅಂತಿದ್ದ ಹಾಗೆ," ಎಂದಳು.

ಅಮ್ಮನ ಉಪ್ಪಿಗೂ ನನ್ನ ಇನ್ನೂವಿಗೂ ನಡುವೆ ಅಜ್ಜಿಯ ಹ್ಞೂಂ ಸೇರಿತು. ಆ ಸಂಜೆ ಅದನ್ನು ಮೊದಲ ಸಲ ಕೇಳಿದಾಗ ಅತ್ತೆ ಮುಂದಿನ ಸಾಲಿಗೆ ಬಹಳ ಹೊತ್ತು ತೆಗೆದುಕೊಂಡಳು.

ಅತ್ತೆ ಮುಂದೆ ಮತ್ತೆ ಎದ್ದು ನಿಂತಳು, ಗೋಡೆ ಹಿಡಿದು ಅಷ್ಟಿಷ್ಟು ನಡೆದಳು, ಬಹಳ ವರ್ಷ ಬದುಕಿದಳು. ನೋವು ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಅವಳು ಹೇಳಿದ್ದನ್ನು ನಾನು ಬರೆದುಕೊಂಡು ಎರಡು ತೆಳ್ಳಗಿನ ಪುಸ್ತಕಗಳಾದವು. ಕೆಲವರು ಮೆಚ್ಚಿದರು, ಇದೆಂತ ಕವಿತೆ ಎಂದವರೇ ಹೆಚ್ಚು. ಕಾಲೇಜಿನ ಉಪನ್ಯಾಸಕರೊಬ್ಬರು ಮನೆಗೆ ಬಂದು, ನೋವೇ ನಿಮಗೆ ಕವಿತೆ ಕೊಟ್ಟಿತು ಅನ್ನಬಹುದಾ ಎಂದು ಕೇಳಿದ್ದರು. "ನೋವು ಎಂತ ಕೊಡುದಿಲ್ಲ ಮಾರಾಯ್ರೆ. ತೆಕ್ಕೊಳ್ಳುದು ಮಾತ್ರ. ಉಳಿದದ್ದರಲ್ಲಿ ನಾನು ಮಾಡುದು," ಎಂದಿದ್ದಳು ಅತ್ತೆ. ನಾನು ಸುಳ್ಯದ ಶಾಲೆಯೊಂದರಲ್ಲಿ ಟೀಚರಾಗಿ, ಈಗ ಕೆಲಸದಿಂದ ಬಿಡುಗಡೆಯಾಗಿದ್ದೇನೆ. ತೊದಲುವ ಮಕ್ಕಳು ಒಂದು ಅಕ್ಷರದ ಮುಂದೆ ಸಿಕ್ಕಿಬಿದ್ದು ಒದ್ದಾಡುವಾಗ ನಾನು ಅವರ ಮಾತನ್ನು ಪೂರ್ತಿ ಮಾಡಿಕೊಟ್ಟವಳಲ್ಲ. ಕಾಯುತ್ತಿದ್ದೆ. ಆ ಕಾಯುವಿಕೆಯಲ್ಲಿ ನನಗೆ ಬೇಸರವಾಗುತ್ತಿರಲಿಲ್ಲ, ಯಾಕೆಂದರೆ ಸುಮ್ಮನಿರುವ ಹೊತ್ತೂ ಮಾತಿನ ಭಾಗವೇ ಎಂದು ಅಜ್ಜಿ ತೀರಿಕೊಂಡ ಆ ಮಳೆಗಾಲ ನನಗೆ ಕಲಿಸಿತ್ತು.

ಮಂತ್ರವಾದಿ ಬಂದುಹೋದ ಮರುವರ್ಷದ ಮಳೆಗಾಲದಲ್ಲಿ ಅಜ್ಜಿ ಒಂದು ಬೆಳಿಗ್ಗೆ ಮಂಚದಿಂದ ಏಳಲಿಲ್ಲ, ಅಷ್ಟೆ. ಅತ್ತೆ ಆಗ ಇನ್ನೂ ಹಾಸಿಗೆಯಲ್ಲೇ ಇದ್ದಳು. ತೆಂಗಿನ ಮಡಲು ಕಟ್ಟಿದ ಚಟ್ಟವನ್ನು ಹಿಂದಿನ ಬಾಗಿಲಿಗೆ ತಂದು ಅವಳಿಗೆ ತಾಯಿಯ ಮುಖ ತೋರಿಸಿದರು. ಅವಳು ಅಳಲಿಲ್ಲ. ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಸಂಜೆ ಅಮ್ಮ ದೀಪ ಹಚ್ಚಿದಳು. ಇವತ್ತು ಇರಲಿಕ್ಕಿಲ್ಲ ಎಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಸಾಲು ಬಂತು. ಅಪ್ಪ ಹೇಳಿದರು. ಅಮ್ಮ ಹೇಳಿದಳು. ಅಜ್ಜಿಯ ಸರದಿಯ ಸಾಲನ್ನು ಅತ್ತೆ ಬಿಟ್ಟುಬಿಡುತ್ತಾಳೆ ಎಂದು ನಾವು ತಿಳಿದಿದ್ದೆವು. ಬಿಡಲಿಲ್ಲ. ಸಾಲು ಹೇಳಿದಳು, ಕಾದಳು, ಹ್ಞೂಂ ಮುಗಿಯುವಷ್ಟು ಹೊತ್ತಾದ ಮೇಲೆ ಮುಂದೆ ಹೋದಳು. ಮರುದಿನ ಅಮ್ಮ ಅವಳಿಗೆ ಹೇಳಿದಳು:

"ಯಮುನಾ, ಆ ಖಾಲಿ ಜಾಗದಲ್ಲಿ ಸುಮನ ಹತ್ರವೇ ಎಂತಾದ್ರೂ ಹೇಳ್ಸಬಹುದಲ್ವಾ?"

"ಜಾಗ ಖಾಲಿ ಆಗ್ಲಿಲ್ಲ ಅತ್ತಿಗೆ. ಅಮ್ಮ ಈಗ ಹೇಳುದು ಹಾಗೆ."

ದಿನ ಹೋದ ಹಾಗೆ ಆ ಬಿಡುವು ಉದ್ದವಾಗುತ್ತಾ ಬಂತು. ಅದರೊಳಗೆ ಮನೆಯ ಸದ್ದುಗಳು ಒಂದೊಂದಾಗಿ ಕೇಳತೊಡಗಿದವು. ಹಂಚಿನಿಂದ ಇಳಿಯುವ ನೀರು, ಬಾಟಲಿಯೊಳಗೆ ತಾನಾಗಿ ಉರುಳುವ ಗೋಲಿ, ಯಾರೂ ಮಲಗದ ಮಂಚದ ಹಲಗೆ ಮಿಸುಕುವುದು. ಸೋಡಾಕ್ಕೆ ಬಂದವರು ಅರ್ಧ ಕುಡಿದ ಬಾಟಲಿ ಹಿಡಿದು ಹಾಗೇ ನಿಲ್ಲುತ್ತಿದ್ದರು. ಮಂಚದ ಕಡೆಗೆ ನಾವ್ಯಾರೂ ನೋಡುತ್ತಿರಲಿಲ್ಲ. ನೋಡಬಾರದೆಂದು ಯಾರೂ ಹೇಳಿರಲೂ ಇಲ್ಲ.

ಒಂದು ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಅಪ್ಪ ಹೇಳಿ ಆಯಿತು, ಅಮ್ಮ ಹೇಳಿ ಆಯಿತು. "ಕೇಳುವವರು ಯಾರು," ಎಂದು ಅತ್ತೆ ಅಜ್ಜಿಯ ಸಾಲು ಹೇಳಿ ನಿಲ್ಲಿಸಿದಳು. ನಾವು ಕಾದೆವು. ಎಂದಿಗಿಂತ ಹೆಚ್ಚು ಹೊತ್ತಾಯಿತು. ದೀಪದ ಬತ್ತಿ ಚಟಗುಟ್ಟಿತು. ಆಗ ಆ ಮೌನದ ಒಳಗಿನಿಂದ ಒಂದು ದನಿ ಬಂತು.

"ಅಮ್ಮಾ."

ಯಾರ ದನಿಯೆಂದು ನನಗೆ ಕೂಡಲೇ ಗೊತ್ತಾಗಲಿಲ್ಲ. ಅದು ಮಗುವಿನದೂ ಆಗಿತ್ತು, ಮುದುಕಿಯದೂ ಆಗಿತ್ತು. ಮಣೆಯ ಮೇಲೆ ಕೂರಿಸಿದ ದಿನ ತೆರೆದ ಬಾಯಿಂದ ಬಾರದೆ ಉಳಿದದ್ದು ಈಗ ಬಂದಿತ್ತು. ನೋವಿಗೆ ಕೂಗಿದ್ದೋ, ಸತ್ತವಳನ್ನು ಕರೆದದ್ದೋ, ಕವಿತೆಯ ಸಾಲೋ ತಿಳಿಯಲಿಲ್ಲ. ನಮ್ಮ ಭಾಷೆಯಲ್ಲಿ ಮೂರಕ್ಕೂ ಅದೇ ಶಬ್ದ. ಅಪ್ಪ ಸೋಡಾ ಕೋಣೆಯಿಂದ ಬಂದು, ನಡುಕೋಣೆ ದಾಟಿ, ಅಡಿಗೆಮನೆ ದಾಟಿ, ತಂಗಿಯ ಕೋಣೆಯ ಹೊಸಿಲಿನ ಒಳಗೆ ಹೋಗಿ ನೆಲದ ಮೇಲೆ ಕೂತರು. ಅತ್ತೆಯ ಉಸಿರು ಅಡಿಗೆಮನೆಯಾಚೆಯಿಂದ ನನಗೆ ಕೇಳುತ್ತಿತ್ತು. ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ನನ್ನ ಕಡೆ ನೋಡಿದಳು. ಮುಂದಿನದು ನನ್ನ ಸರದಿ. ಸಾಲು ಇನ್ನೂ ಬಂದಿರಲಿಲ್ಲ, ಬರುವ ಹಾಗೆಯೂ ಕಾಣಲಿಲ್ಲ. ದೀಪದ ಹತ್ತಿರ ನಿಂತು, ಹಿಂದಿನ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ, ನನ್ನಲ್ಲಿದ್ದ ಒಂದೇ ಶಬ್ದವನ್ನು ಹೇಳಿದೆ.

"ಇನ್ನೂ."

ಒಳಗೆ ಉಸಿರು ಒಮ್ಮೆ ತಡೆದು, ಮತ್ತೆ ಹೊರಬಂತು. ಆಮೇಲೆ ಅತ್ತೆ ಮುಂದಿನ ಸಾಲು ಹೇಳಿದಳು.